ಮುಂಗಾರು ಮೋಡಗಳ ಜಾಡು ಹಿಡಿದ ಸುಲೋಚನಾ ಗಾಡ್ಗೀಳ್

ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳಲ್ಲಿ ಮೇ ತಿಂಗಳ ಮಳೆಯನ್ನು ನಂಬಿ ತಂಬಾಕು ಸಸಿ ನಾಟಿ ನಡೆಯುತ್ತದೆ. ಎಚ್.ಡಿ. ಕೋಟೆಯ ಬೆದ್ದಲು ಹೊಲಗಳಲ್ಲಿ ಹತ್ತಿ, ರಾಗಿಗೂ ಮಳೆಯೇ ಆಧಾರ. ಭತ್ತದ ಕಣಜವೆನಿಸಿದ ಕೆ.ಆರ್. ನಗರದ ಕಾಲುವೆಗಳಲ್ಲಿ ನೀರು ಹರಿಯಬೇಕಾದರೆ ಕೊಡಗಿನಲ್ಲಿ ಮಳೆ ಸುರಿಯಬೇಕು. ನಾಲ್ಕೂ ತಾಲ್ಲೂಕುಗಳ ರೈತರನ್ನು ಪ್ರತಿ ವರ್ಷ ಕಾಡುವ ಪ್ರಶ್ನೆ ಒಂದೇ: ಬಂದ ಮಳೆ ಮುಂದುವರಿಯುವುದೇ, ನಿಂತ ಮಳೆ ಯಾವಾಗ ಮರಳುವುದು?

ಈ ಪ್ರಶ್ನೆಯ ಬೆನ್ನು ಹತ್ತಿ ಸುಮಾರು ಐದು ದಶಕ ಸಂಶೋಧನೆ ನಡೆಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್. 2025ರ ಜುಲೈನಲ್ಲಿ ತಮ್ಮ 81ನೇ ವಯಸ್ಸಿನಲ್ಲಿ ಅವರು ನಿಧನರಾದರು. ಮುಂಗಾರಿನ ಏರಿಳಿತಕ್ಕೆ ಸಮಭಾಜಕ ವೃತ್ತದ ಬಳಿಯ ಹಿಂದೂ ಮಹಾಸಾಗರದ ಮೇಲಿನ ಮೋಡಗಳೂ ಕಾರಣ ಎಂಬುದನ್ನು ಅವರ ಅಧ್ಯಯನಗಳು ತೋರಿಸಿಕೊಟ್ಟವು.

ಪುಣೆಯಿಂದ ಬೆಂಗಳೂರಿಗೆ

1944ರ ಜೂನ್ 7ರಂದು ಪುಣೆಯಲ್ಲಿ ಜನಿಸಿದ ಸುಲೋಚನಾ, 1970ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪದವಿ ಪಡೆದರು. 1971ರಲ್ಲಿ ಸ್ವದೇಶಕ್ಕೆ ಮರಳಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದರು. 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಲ್ಲಿ 1982ರಲ್ಲಿ ಆರಂಭವಾದ ವಾಯುಮಂಡಲ ವಿಜ್ಞಾನ ಕೇಂದ್ರವನ್ನು ಕಟ್ಟಿ ಬೆಳೆಸಿದವರಲ್ಲಿ ಅವರು ಪ್ರಮುಖರು.

ಉತ್ತರಕ್ಕೆ ಸಾಗುವ ಮೋಡಪಟ್ಟಿ

ಬೇಸಿಗೆಯಲ್ಲಿ ನೆಲ ಸಮುದ್ರಕ್ಕಿಂತ ಹೆಚ್ಚು ಕಾಯುತ್ತದೆ, ಅದರಿಂದಲೇ ಕಡಲಿನ ತೇವಭರಿತ ಗಾಳಿ ಒಳನಾಡಿಗೆ ನುಗ್ಗುತ್ತದೆ ಎಂದು 1686ರಲ್ಲಿ ಎಡ್ಮಂಡ್ ಹ್ಯಾಲಿ ವಿವರಿಸಿದ್ದ. ಶಾಲಾ ಪಠ್ಯಗಳಲ್ಲಿ ಇಂದಿಗೂ ಈ ವಿವರಣೆಯೇ ಪ್ರಚಲಿತ. ಆದರೆ ನೆಲ ಅತಿಯಾಗಿ ಕಾಯುವುದು ಮೇ ತಿಂಗಳಿನಲ್ಲಿ, ಮಳೆ ಹೆಚ್ಚುವುದು ಜುಲೈನಲ್ಲಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ನೆಲ ಇನ್ನೂ ಹೆಚ್ಚು ಬಿಸಿಯಾಗಿರುತ್ತದೆ. ಹೀಗಿರುವಾಗ ನೆಲದ ಬಿಸಿಯೊಂದೇ ಮಳೆಗೆ ಕಾರಣವಾಗಲಾರದು ಎಂಬುದು ಗಾಡ್ಗೀಳ್ ಅವರ ವಾದವಾಗಿತ್ತು.

ಎರಡೂ ಗೋಳಾರ್ಧಗಳ ಮಾರುತಗಳು ಸಂಧಿಸುವಲ್ಲಿ ಭೂಮಿಯನ್ನು ಸುತ್ತುವರಿದ ಮೋಡಗಳ ಪಟ್ಟಿಯೊಂದು ಇರುತ್ತದೆ. ಬೇಸಿಗೆ ಕಳೆಯುತ್ತಲೇ ಈ ಪಟ್ಟಿ ಸಮುದ್ರದಿಂದ ಭಾರತದ ನೆಲದ ಮೇಲಕ್ಕೆ ಸರಿಯುವುದೇ ಮುಂಗಾರು. ಡಿ.ಆರ್. ಸಿಕ್ಕಾ ಅವರೊಂದಿಗೆ ಗಾಡ್ಗೀಳ್ 1973ರಿಂದ 1977ರವರೆಗಿನ ಉಪಗ್ರಹ ಚಿತ್ರಗಳನ್ನು ದಿನದಿನವೂ ಪರಿಶೀಲಿಸಿ, 1980ರಲ್ಲಿ ಮಹತ್ವದ ಪ್ರಬಂಧವೊಂದನ್ನು ಪ್ರಕಟಿಸಿದರು.

ಅವರು ಕಂಡುಕೊಂಡಂತೆ, ನೆಲದ ಮೇಲಿನ ಮೋಡಪಟ್ಟಿ ಒಂದೇ ಸಮನೆ ನಿಲ್ಲುವುದಿಲ್ಲ. ಅದು ಕ್ಷೀಣಿಸಿದಾಗ ಸಮಭಾಜಕ ವೃತ್ತದ ಬಳಿ, ಸಮುದ್ರದ ಮೇಲೆ ಹೊಸ ಪಟ್ಟಿ ಹುಟ್ಟಿ ಉತ್ತರಕ್ಕೆ ಸಾಗಿಬರುತ್ತದೆ. ಎರಡರಿಂದ ಆರು ವಾರಗಳ ಅಂತರದಲ್ಲಿ ಇದು ಮರುಕಳಿಸುತ್ತದೆ. ಮುಂಗಾರು ನಡುವೆಯೇ ಬಿಡುವು ಕೊಟ್ಟು ಮತ್ತೆ ಚುರುಕಾಗುವುದರ ಗುಟ್ಟು ಇದೇ. ವಾತಾವರಣದ ಇಂತಹ ಹಿಂದು ಮುಂದಿನ ತೂಗಾಟವನ್ನೇ ವಿಜ್ಞಾನಿಗಳು ಆಂದೋಲನ ಎನ್ನುತ್ತಾರೆ.

ರೈತರು ಆರಿದ್ರಾ, ಪುನರ್ವಸು, ಪುಷ್ಯ ಎಂದು ಸುಮಾರು ಹದಿನಾಲ್ಕು ದಿನಕ್ಕೊಂದು ಮಳೆ ಎಣಿಸುತ್ತಾರೆ. ಮಳೆಯ ಸರದಿಗಳನ್ನು ಗುರುತಿಡುವ ಲೆಕ್ಕ ಅದು. ಆದರೆ ಮೋಡಪಟ್ಟಿಯ ಪಯಣಕ್ಕೆ ಪಂಚಾಂಗದ ತಾರೀಖಿಲ್ಲ. ಒಂದು ವರ್ಷ ಪುಷ್ಯದಲ್ಲಿ ಬಂದ ಬಿಡುವು ಮರುವರ್ಷ ಮಖೆಯಲ್ಲಿ ಬರಬಹುದು.

ಎಲ್ ನಿನೊ ಒಂದೇ ಸಾಲದು

ಇನ್ನೊಂದು ಆಂದೋಲನ ಪೆಸಿಫಿಕ್ ಸಾಗರದ್ದು. ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಮಳೆಯ ಮುನ್ಸೂಚನೆಗಾಗಿ ಹುಡುಕಾಟ ನಡೆಸಿದಾಗ ಕಂಡ ‘ದಕ್ಷಿಣದ ಆಂದೋಲನ’ಕ್ಕೂ ಎಲ್ ನಿನೊಗೂ ನಂಟಿದೆ ಎಂಬುದು ಬಳಿಕ ತಿಳಿಯಿತು. ಪೆಸಿಫಿಕ್ ಸಾಗರದ ಮಧ್ಯ ಮತ್ತು ಪೂರ್ವ ಭಾಗ ಬಿಸಿಯಾಗುವ ಎಲ್ ನಿನೊ ವರ್ಷಗಳಲ್ಲಿ ಭಾರತದಲ್ಲಿ ಮಳೆ ಕುಸಿಯುವ ಸಂಭವ ಹೆಚ್ಚು.

ಆದರೆ 1997ರಲ್ಲಿ ಶತಮಾನದ ಪ್ರಬಲ ಎಲ್ ನಿನೊಗಳಲ್ಲೊಂದು ಇದ್ದರೂ ದೇಶದಲ್ಲಿ ವಾಡಿಕೆಗಿಂತ ಶೇ 2ರಷ್ಟು ಹೆಚ್ಚು ಮಳೆಯಾಯಿತು. 2002ರಲ್ಲಿ ಎಲ್ ನಿನೊ ಅಷ್ಟು ಪ್ರಬಲವಾಗಿರಲಿಲ್ಲ. ಆದರೂ ಜುಲೈ ತಿಂಗಳ ಮಳೆ ಅರ್ಧದಷ್ಟು ಕುಸಿದು, ಒಟ್ಟು ಮುಂಗಾರಿನ ಕೊರತೆ ಶೇ 19ಕ್ಕೆ ಮುಟ್ಟಿತು.

ಈ ಒಗಟಿಗೆ ಗಾಡ್ಗೀಳ್ ಹಾಗೂ ಸಹೋದ್ಯೋಗಿಗಳು 2004ರಲ್ಲಿ ಉತ್ತರ ನೀಡಿದರು. ಸಮಭಾಜಕ ವೃತ್ತದ ಬಳಿಯ ಹಿಂದೂ ಮಹಾಸಾಗರದ ಮೇಲೆ ಪೂರ್ವ, ಪಶ್ಚಿಮಗಳ ನಡುವೆ ಮೋಡಗಳ ತೂಗಾಟವೊಂದಿದೆ. ಆಫ್ರಿಕಾದ ಕಡೆ ಮೋಡ ದಟ್ಟೈಸಿ, ಸುಮಾತ್ರಾ ಕಡೆ ವಿರಳವಾದರೆ ಭಾರತದ ಮುಂಗಾರಿಗೆ ಅನುಕೂಲ. ಅದಕ್ಕೆ ವಿರುದ್ಧವಾದರೆ ಪ್ರತಿಕೂಲ. ‘ಈಕ್ವಿನೂ’ ಎಂಬ ಹೆಸರಿನಿಂದ ಇದು ಪ್ರಸಿದ್ಧವಾಗಿದೆ. 1997ರಲ್ಲಿ ಈಕ್ವಿನೂ ಮುಂಗಾರಿನ ಪರವಾಗಿತ್ತು, 2002ರಲ್ಲಿ ವಿರುದ್ಧವಾಗಿತ್ತು. ಎಲ್ ನಿನೊ ಮತ್ತು ಈಕ್ವಿನೂ ಎರಡನ್ನೂ ಒಟ್ಟಿಗೆ ಪರಿಗಣಿಸಿದರೆ ಬರ ಹಾಗೂ ಅತಿವೃಷ್ಟಿಯ ವರ್ಷಗಳು ಸ್ಪಷ್ಟವಾಗಿ ಬೇರ್ಪಡುತ್ತವೆ ಎಂದು ಈ ಅಧ್ಯಯನ ತಿಳಿಸಿತು.

ಹೊಲಕ್ಕಿಳಿದ ವಿಜ್ಞಾನ

ಗಾಡ್ಗೀಳ್ ಅವರ ಆಸಕ್ತಿ ಮೋಡಗಳಿಗಷ್ಟೇ ಸೀಮಿತವಾಗಿರಲಿಲ್ಲ. ತುಮಕೂರು ಜಿಲ್ಲೆಯ ಪಾವಗಡ ಹಾಗೂ ನೆರೆಯ ಅನಂತಪುರ ಭಾಗದ ಮಳೆಯಾಶ್ರಿತ ಶೇಂಗಾ ಬೆಳೆ ಕುರಿತು ಅವರು ರೈತರೊಡಗೂಡಿ ಅಧ್ಯಯನ ನಡೆಸಿದರು. ಹಲವು ವರ್ಷಗಳ ಮಳೆ ಲೆಕ್ಕವನ್ನು ಬೆಳೆಯ ಬೆಳವಣಿಗೆಯ ಗಣಿತ ಮಾದರಿಗೆ ಅಳವಡಿಸಿ, ಯಾವಾಗ ಬಿತ್ತಿದರೆ ನಷ್ಟದ ಅಪಾಯ ಕಡಿಮೆ ಎಂಬುದನ್ನು ಪರಿಶೀಲಿಸಿದರು.

2006ರಲ್ಲಿ ಪುತ್ರ ಸಿದ್ಧಾರ್ಥ ಗಾಡ್ಗೀಳ್ ಅವರೊಂದಿಗೆ ಪ್ರಕಟಿಸಿದ ಲೇಖನದಲ್ಲಿ, ತೀವ್ರ ಬರ ಬಂದರೆ ದೇಶದ ಒಟ್ಟು ಆಂತರಿಕ ಉತ್ಪನ್ನಕ್ಕೆ ಶೇ 2ರಿಂದ 5ರಷ್ಟು ಪೆಟ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿದ್ದರು. ಬರದಿಂದ ಆಗುವ ನಷ್ಟದಷ್ಟು ಲಾಭ ಒಳ್ಳೆಯ ಮಳೆಯಿಂದ ಸಿಗುತ್ತಿಲ್ಲ ಎಂಬುದು ಅದರ ಮತ್ತೊಂದು ಮುಖ್ಯ ಅಂಶ. ಮಳೆ ಬಂದೇ ಬರುತ್ತದೆಂಬ ಭರವಸೆಯಿಲ್ಲದೆ ಬೆದ್ದಲು ರೈತ ಗೊಬ್ಬರಕ್ಕೆ ಹಣ ಸುರಿಯಲಾರ. ಬೆದ್ದಲು ಹೊಲವಿರುವ ಹುಣಸೂರು, ಕೋಟೆ ಸೀಮೆಯ ರೈತರಿಗೂ ಈ ಮಾತು ಅನ್ವಯಿಸುತ್ತದೆ.

ನಾಲ್ಕು ತಾಲ್ಲೂಕುಗಳಿಗೆ ಇದರ ಅರ್ಥವೇನು?

ಒಂದೇ ಮುಂಗಾರಿನಲ್ಲಿ ಬರಿದಾಗುವುದೂ ಉಂಟು, ಉಕ್ಕುವುದೂ ಉಂಟು. 2019ರ ಜೂನ್‌ನಲ್ಲಿ ದೇಶದ ಮಳೆ ಶೇ 33ರಷ್ಟು ಕಡಿಮೆಯಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ವಯನಾಡು, ಕೊಡಗಿನ ಮಳೆಗೆ ಕಬಿನಿ ಮತ್ತು ಲಕ್ಷ್ಮಣತೀರ್ಥ ನದಿಗಳು ಉಕ್ಕಿ ಹರಿದವು. 2023ರಲ್ಲಿ ಎಲ್ ನಿನೊ ಇದ್ದಾಗ ಆಗಸ್ಟ್ ತಿಂಗಳು 1901ರ ನಂತರದ ಅತ್ಯಂತ ಒಣ ಆಗಸ್ಟ್ ಎನಿಸಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು.

ಆದರೆ ದೇಶದ ಸರಾಸರಿಯನ್ನು ನೇರವಾಗಿ ಈ ಭಾಗಕ್ಕೆ ಅನ್ವಯಿಸುವಂತಿಲ್ಲ. ಕೊಡಗು, ವಯನಾಡಿಗೆ ಹೊಂದಿಕೊಂಡ ಪಶ್ಚಿಮದ ಹೋಬಳಿಗಳಿಗೆ ನೈರುತ್ಯ ಮುಂಗಾರಿನ ಪಾಲು ಹೆಚ್ಚು. ಪೂರ್ವಕ್ಕೆ, ಮೈಸೂರಿನ ಕಡೆ ಬಂದಂತೆ ಮೇ ಮತ್ತು ಅಕ್ಟೋಬರ್ ತಿಂಗಳುಗಳೇ ಮಳೆಯ ತಿಂಗಳುಗಳು. ‘ಈ ವರ್ಷ ಎಲ್ ನಿನೊ’ ಎಂಬ ಸುದ್ದಿ ಕೇಳಿದ ಮಾತ್ರಕ್ಕೆ ನಾಟಿ ಕೈಬಿಡುವುದೂ, ‘ವಾಡಿಕೆ ಮಳೆ’ ಎಂಬ ಘೋಷಣೆ ನಂಬಿ ಸಾಲ ಮಾಡುವುದೂ ಎರಡೂ ಅಪಾಯಕಾರಿ.

ಮೋಡಪಟ್ಟಿಗಳ ಚಲನೆಯ ಅರಿವಿನಿಂದಾಗಿಯೇ ಹವಾಮಾನ ಇಲಾಖೆ ಇಂದು ನಾಲ್ಕು ವಾರಗಳವರೆಗಿನ ವಿಸ್ತೃತ ಮುನ್ಸೂಚನೆ ನೀಡಲು ಸಾಧ್ಯವಾಗಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ನಾಟಿ, ಮೇಲುಗೊಬ್ಬರ ಹಾಗೂ ಕೊಯ್ಲಿನ ದಿನ ನಿರ್ಧರಿಸುವ ಮುನ್ನ ಋತುವಿನ ಮುನ್ಸೂಚನೆಗಿಂತ ಈ ವಾರದ ಲೆಕ್ಕಗಳನ್ನು ಗಮನಿಸುವುದು ರೈತರಿಗೆ ಹೆಚ್ಚು ಉಪಯುಕ್ತ.