ಅಡಾಪ್ಟಿವ್ ಗಣಿತ ಪರೀಕ್ಷೆಯ ಅಂಕ: ಅಲೆಕ್ಸ್ ಮೌಲ್ಯಮಾಪನದ ಒಳಲೆಕ್ಕ

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಪದವಿಗೆ ಸೇರುವ ವಿದ್ಯಾರ್ಥಿಗೆ ತರಗತಿ ಶುರುವಾಗುವ ಮೊದಲೇ ಒಂದು ಆನ್‌ಲೈನ್ ಗಣಿತ ಪರೀಕ್ಷೆ ಕೊಡುತ್ತವೆ. ಅವನು ನೇರವಾಗಿ ಕ್ಯಾಲ್ಕುಲಸ್ ತರಗತಿಗೆ ಹೋಗಬಹುದೇ, ಬೀಜಗಣಿತವನ್ನು ಮತ್ತೊಮ್ಮೆ ಓದಬೇಕೇ ಎಂಬುದನ್ನು ಅದರ ಅಂಕ ತೀರ್ಮಾನಿಸುತ್ತದೆ. ವ್ಯಾಪಕ ಬಳಕೆಯಲ್ಲಿರುವ ಇಂಥ ಪರೀಕ್ಷೆಗಳಲ್ಲಿ ಅಲೆಕ್ಸ್ ಒಂದು. ಗರಿಷ್ಠ 30 ಪ್ರಶ್ನೆ, ಕೊನೆಗೆ 0ಯಿಂದ 100ರೊಳಗಿನ ಒಂದು ಸಂಖ್ಯೆ. ಕರ್ನಾಟಕದಿಂದ ಹೋದ ವಿದ್ಯಾರ್ಥಿಗೆ 52 ಬಂದರೆ, ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ಇಷ್ಟು ಬಂದರೆ ಪಾಸು ಎಂದೇ ಅಂಕಗಳನ್ನು ಓದಿ ಅಭ್ಯಾಸವಾದ ಅವನ ಮನೆಯವರು ಅದನ್ನೂ ಹಾಗೆಯೇ ಓದುತ್ತಾರೆ: ನೂರಕ್ಕೆ ಐವತ್ತೆರಡು ಸರಿ. ಈ ಓದು ತಪ್ಪು. ಹಿಂದಿನ ಉತ್ತರಗಳನ್ನು ನೋಡಿ ಮುಂದಿನ ಪ್ರಶ್ನೆಗಳನ್ನು ಆರಿಸುವ ಅಡಾಪ್ಟಿವ್ ಪರೀಕ್ಷೆಯ ಅಂಕ ಸರಿ ಉತ್ತರಗಳ ಮೊತ್ತವಲ್ಲ. ಕೇಳದೆ ಬಿಟ್ಟ ಪ್ರಶ್ನೆಗಳನ್ನೂ ಸೇರಿಸಿಕೊಂಡು ಮಾಡಿದ ಒಂದು ಅನುಮಾನ ಅದು. ಆ ಅನುಮಾನ ಹೇಗೆ ಕಟ್ಟಿಕೊಳ್ಳುತ್ತದೆ, ಅದರ ಮೇಲೆ ಎಷ್ಟು ಭಾರ ಹೊರಿಸಬಹುದು ಎಂಬುದು ಈ ಲೇಖನದ ವಿಷಯ.

ಅಡಾಪ್ಟಿವ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಲೆಕ್ಕಾಚಾರಗಳಿವೆ. ಮೊದಲನೆಯದಕ್ಕೆ ಡೆನ್ಮಾರ್ಕಿನ ಜಾರ್ಜ್ ರಾಶ್ 1960ರಲ್ಲಿ ಪ್ರಕಟಿಸಿದ ಮಾದರಿ ಒಂದು ಮುಖ್ಯ ತಳಹದಿ. ವಿದ್ಯಾರ್ಥಿಯ ಸಾಮರ್ಥ್ಯ ಮತ್ತು ಪ್ರಶ್ನೆಯ ಕಾಠಿಣ್ಯ ಎರಡನ್ನೂ ಒಂದೇ ಅಳತೆಗೋಲಿನ ಮೇಲೆ ಇಡುವುದು ಅದರ ಕ್ರಮ. ಎರಡೂ ಸಮವಾಗಿದ್ದರೆ ಸರಿ ಉತ್ತರದ ಸಂಭವನೀಯತೆ ಶೇ. 50, ಸಾಮರ್ಥ್ಯ ಒಂದು ಮಾನ ಹೆಚ್ಚಿದ್ದರೆ ಸುಮಾರು ಶೇ. 73. ಪ್ರಶ್ನೆಗಳು ವಿದ್ಯಾರ್ಥಿಯ ಮಟ್ಟವನ್ನೇ ಹುಡುಕಿಕೊಂಡು ಬರುವುದರಿಂದ ಜಾಣರೂ ಸಾಧಾರಣರೂ ಹೆಚ್ಚುಕಡಿಮೆ ಅರ್ಧದಷ್ಟು ತಪ್ಪು ಮಾಡುತ್ತಾರೆ. ಎಷ್ಟು ಸರಿ ಎನ್ನುವುದಕ್ಕಿಂತ ಯಾವ ಪ್ರಶ್ನೆಗೆ ಸರಿ ಎನ್ನುವುದೇ ಇಲ್ಲಿ ಮುಖ್ಯ. ನಮ್ಮ ಎಂಜಿನಿಯರಿಂಗ್ ಪದವೀಧರರಿಗೆ ಪರಿಚಿತವಾದ ಜಿಆರ್‌ಇಯಲ್ಲಿ ಇದು ಭಾಗ ಭಾಗವಾಗಿ ನಡೆಯುತ್ತದೆ. ಗಣಿತದ 12 ಪ್ರಶ್ನೆಗಳ ಮೊದಲ ಭಾಗ ಹೇಗಾಯಿತು ಎಂಬುದರ ಮೇಲೆ 15 ಪ್ರಶ್ನೆಗಳ ಎರಡನೆಯ ಭಾಗದ ಕಾಠಿಣ್ಯ ನಿಂತಿದೆ. ಫಲಿತಾಂಶ 130ರಿಂದ 170ರ ಮಾಪಕದ ಮೇಲಿನ ಒಂದು ಬಿಂದು.

ಅಲೆಕ್ಸ್ ಹಿಡಿದಿರುವ ದಾರಿ ಬೇರೆ. ಗಣಿತ ಮನೋವಿಜ್ಞಾನಿ ಜಾನ್-ಕ್ಲಾಡ್ ಫಾಲ್ಮಾಂಜ್ ಮತ್ತು ಗಣಿತಜ್ಞ ಜಾನ್-ಪಾಲ್ ದುವಾನ್ಯೊ 1985ರಲ್ಲಿ ಪ್ರಕಟಿಸಿದ ನಾಲೆಜ್ ಸ್ಪೇಸ್ ಸಿದ್ಧಾಂತ ಅದರ ಬುನಾದಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದಲ್ಲಿ ತಂತ್ರಾಂಶವಾಗಿ ಬೆಳೆದ ಇದನ್ನು 2013ರಲ್ಲಿ ಪ್ರಕಾಶನ ಸಂಸ್ಥೆ ಮೆಕ್‌ಗ್ರಾ-ಹಿಲ್ ಕೊಂಡಿತು. ಸಾಮರ್ಥ್ಯವನ್ನು ಒಂದೇ ಸಂಖ್ಯೆಯಾಗಿ ಅಳೆಯಬೇಕೆಂಬ ಹಟವೇ ಈ ಸಿದ್ಧಾಂತಕ್ಕಿಲ್ಲ. ವಿದ್ಯಾರ್ಥಿಗೆ ಯಾವ ಯಾವ ವಿಷಯಾಂಶಗಳು ಬರುತ್ತವೆ ಎಂಬ ಗಣವೇ ಅವನ ಜ್ಞಾನಸ್ಥಿತಿ. ಪರೀಕ್ಷೆಯ ಕೆಲಸ ಆ ಗಣವನ್ನು ಪತ್ತೆ ಹಚ್ಚುವುದು.

ಒಂದು ಪುಟ್ಟ ಲೆಕ್ಕ ಮಾಡಿ ನೋಡೋಣ. ನಾಲ್ಕು ವಿಷಯಾಂಶಗಳಿವೆ ಎನ್ನಿ. ಕ: ಧನ-ಋಣ ಪೂರ್ಣಾಂಕಗಳ ಕೂಡು-ಕಳೆ. ಖ: ಭಿನ್ನರಾಶಿಗಳ ಸಂಕಲನ. ಗ: ಒಂದು ಚರಾಕ್ಷರದ ಸರಳ ಸಮೀಕರಣ. ಘ: ಭಿನ್ನರಾಶಿ ಸಹಗುಣಕಗಳಿರುವ ಸಮೀಕರಣ. ಕ ಬಾರದೆ ಖ, ಗ ಎರಡೂ ಬಾರವು. ಖ ಮತ್ತು ಗ ಎರಡೂ ಬಾರದೆ ಘ ಬಾರದು. ನಾಲ್ಕು ವಿಷಯಗಳ ಉಪಗಣಗಳು 16. ಆದರೆ ಈ ನಿಯಮಕ್ಕೆ ಒಪ್ಪುವ ಜ್ಞಾನಸ್ಥಿತಿಗಳು ಆರೇ: ಏನೂ ಬಾರದ ಸ್ಥಿತಿ, ಕ, ಕಖ, ಕಗ, ಕಖಗ, ಕಖಗಘ.

ಆರಂಭದಲ್ಲಿ ಆರೂ ಸ್ಥಿತಿಗಳಿಗೆ ಸಮಾನ ಸಂಭವನೀಯತೆ ಕೊಡೋಣ. ಯಾವ ಪ್ರಶ್ನೆ ಮೊದಲು ಕೇಳಬೇಕು? ವಿದ್ಯಾರ್ಥಿಗೆ ಬರುತ್ತದೆ ಎಂಬ ಸಂಭವನೀಯತೆ ಅರ್ಧಕ್ಕೆ ಅತಿ ಹತ್ತಿರವಿರುವ ಪ್ರಶ್ನೆ. ಕ ಐದು ಸ್ಥಿತಿಗಳಲ್ಲಿದೆ, ಘ ಒಂದರಲ್ಲಿ ಮಾತ್ರ. ಖ ಮತ್ತು ಗ ತಲಾ ಮೂರರಲ್ಲಿವೆ. ಇವೆರಡರಲ್ಲಿ ಒಂದನ್ನು ಕೇಳಬೇಕು. ಖ ಕೇಳಿದೆವು, ಉತ್ತರ ಸರಿ ಬಂತು. ಬರುವ ಲೆಕ್ಕವನ್ನೂ ಅಜಾಗರೂಕತೆಯಿಂದ ತಪ್ಪಿಸುವ ಸಾಧ್ಯತೆ ಶೇ. 10, ಬಾರದ್ದು ಅದೃಷ್ಟದಿಂದ ಸರಿಯಾಗುವ ಸಾಧ್ಯತೆ ಶೇ. 5 ಎಂದಿಟ್ಟುಕೊಂಡು ಹೊಸ ಮಾಹಿತಿಯಿಂದ ಸಂಭವನೀಯತೆಯನ್ನು ತಿದ್ದುವ ಬೇಯ್ಸ್ ಸೂತ್ರ ಹಚ್ಚಿದರೆ, ಖ ಇರುವ ಮೂರು ಸ್ಥಿತಿಗಳು ತಲಾ 0.316ಕ್ಕೆ ಏರುತ್ತವೆ, ಉಳಿದವು ತಲಾ 0.018ಕ್ಕೆ ಕುಸಿಯುತ್ತವೆ. ಕ ಬರುತ್ತದೆ ಎಂಬ ನಂಬಿಕೆ 0.83ರಿಂದ 0.98ಕ್ಕೆ ಹೋಯಿತು. ಕ ಕುರಿತು ನಾವು ಒಂದು ಪ್ರಶ್ನೆಯನ್ನೂ ಕೇಳಿಲ್ಲ ಎಂಬುದನ್ನು ಗಮನಿಸಬೇಕು.

ಈಗ ಅರ್ಧಕ್ಕೆ ಹತ್ತಿರ ಇರುವುದು ಗ (0.65). ಅದನ್ನು ಕೇಳಿದಾಗ ಉತ್ತರ ತಪ್ಪಾಯಿತು. ಕಖ ಎಂಬ ಸ್ಥಿತಿಯ ಸಂಭವನೀಯತೆ 0.75ಕ್ಕೆ ಜಿಗಿಯುತ್ತದೆ. ಪರೀಕ್ಷೆಯನ್ನು ಇಲ್ಲಿಗೇ ನಿಲ್ಲಿಸಿದರೆ ನಾಲ್ಕರಲ್ಲಿ ಎರಡು ವಿಷಯ ಬರುತ್ತದೆ, ಅಂಕ 50. ಎರಡು ಪ್ರಶ್ನೆಯಲ್ಲಿ ಒಂದು ಸರಿಯಾದ್ದರಿಂದ 50 ಬಂತು ಎಂದುಕೊಳ್ಳುವುದು ಬೇಡ. ಅದು ಇಲ್ಲಿ ಕಾಕತಾಳೀಯ. ಮೊದಲ ಪ್ರಶ್ನೆಯೇ ಘ ಆಗಿದ್ದು ಅದು ಸರಿಯಾಗಿದ್ದರೆ, ನಾಲ್ಕೂ ಬರುತ್ತದೆ ಎಂಬ ಸಂಭವನೀಯತೆ ಒಂದೇ ಏಟಿಗೆ 0.78 ಆಗುತ್ತಿತ್ತು. ಅಲೆಕ್ಸ್ ಬಳಸುವ ಪರಿಷ್ಕರಣ ಸೂತ್ರಗಳು ಇದಕ್ಕಿಂತ ಸೂಕ್ಷ್ಮವಾದವು, ಆದರೆ ತರ್ಕದ ಜಾಡು ಇದೇ.

ಸಿದ್ಧಾಂತದ ನಿಜವಾದ ಬೆಲೆ ಗೊತ್ತಾಗುವುದು ಇನ್ನೊಬ್ಬ ವಿದ್ಯಾರ್ಥಿಯನ್ನು ಪಕ್ಕಕ್ಕಿಟ್ಟು ನೋಡಿದಾಗ. ಇವಳಿಗೆ ಗ ಸರಿ, ಖ ತಪ್ಪು. ಇವಳ ಸ್ಥಿತಿ ಕಗ. ಅಂಕ ಮತ್ತೆ 50. ಆದರೆ ಮೊದಲಿನವನು ಈಗ ಕಲಿಯಲು ಸಿದ್ಧನಿರುವುದು ಸರಳ ಸಮೀಕರಣಕ್ಕೆ, ಇವಳು ಸಿದ್ಧಳಿರುವುದು ಭಿನ್ನರಾಶಿಗೆ. ಹೀಗೆ ಮುಂದೆ ಕಲಿಯಲು ಸಿದ್ಧವಿರುವ ವಿಷಯಗಳನ್ನು ಸಿದ್ಧಾಂತ ಸ್ಥಿತಿಯ ಹೊರ ಅಂಚು ಎನ್ನುತ್ತದೆ. ಈಗಷ್ಟೇ ತಲುಪಿದ ವಿಷಯಗಳು ಒಳ ಅಂಚು. ಈ ಎರಡು ಅಂಚುಗಳಿಂದಲೇ ಇಡೀ ಸ್ಥಿತಿಯನ್ನು ಗುರುತಿಸಬಹುದು. ಎಂದರೆ, ಪರೀಕ್ಷೆ ನಿಜವಾಗಿ ಕಂಡುಹಿಡಿದದ್ದು ಅಂಚುಗಳನ್ನು. ಮೇಲೆ ಅಚ್ಚಾಗುವ 50 ಎಂಬುದು ಆ ಮಾಹಿತಿಯ ಬಹುಪಾಲನ್ನು ಚೆಲ್ಲಿ ಉಳಿಸಿಕೊಂಡ ಶೇಷ.

ಅಲೆಕ್ಸ್‌ನ ಪ್ರವೇಶ ಪರೀಕ್ಷೆ 314 ವಿಷಯಾಂಶಗಳನ್ನು ಒಳಗೊಂಡಿದೆ. ಇವುಗಳ ಎಲ್ಲ ಉಪಗಣಗಳ ಸಂಖ್ಯೆ ಬರೆದರೆ 95 ಅಂಕಿಗಳಾಗುತ್ತದೆ. ಪೂರ್ವಾಪರ ಸಂಬಂಧಗಳು ಅವುಗಳಲ್ಲಿ ಬಹುಪಾಲನ್ನು ಹೊಡೆದುಹಾಕುವುದರಿಂದಲೇ 30 ಪ್ರಶ್ನೆಗಳಲ್ಲಿ ಕೆಲಸ ಮುಗಿಯುತ್ತದೆ. 46 ಅಂಕ ಬಂದವನಿಗೆ ಸುಮಾರು 144 ವಿಷಯ ಬರುತ್ತದೆ ಎಂದರ್ಥ. ಅವುಗಳಲ್ಲಿ ನೂರಕ್ಕೂ ಹೆಚ್ಚನ್ನು ಅವನಿಗೆ ಕೇಳಿಯೇ ಇಲ್ಲ. ಈ ಅಂಕ ಬೇರೆ ಪರೀಕ್ಷಾರ್ಥಿಗಳ ಜೊತೆಗಿನ ಹೋಲಿಕೆಯೂ ಅಲ್ಲ. ಜೆಇಇ ಮೇನ್‌ನ ಪರ್ಸೆಂಟೈಲ್ ಅದೇ ಪಾಳಿಯಲ್ಲಿ ಬರೆದ ಉಳಿದವರು ಹೇಗೆ ಮಾಡಿದರು ಎಂಬುದರಿಂದ ಬರುತ್ತದೆ. ಅಲೆಕ್ಸ್‌ನಲ್ಲಿ ಪಕ್ಕದವನು ಏನು ಮಾಡಿದ ಎಂಬುದು ಲೆಕ್ಕಕ್ಕಿಲ್ಲ.

ನಮ್ಮ ಕೋಚಿಂಗ್ ತರಬೇತಿಯಲ್ಲಿ ಪಳಗಿದವರಿಗೆ ಇಲ್ಲಿ ಎರಡು ತೊಡಕುಗಳಿವೆ. ಬಹುಪಾಲು ಪ್ರಶ್ನೆಗಳಿಗೆ ನಾಲ್ಕು ಆಯ್ಕೆಗಳಿಲ್ಲ, ಉತ್ತರವನ್ನು ತಾನೇ ಟೈಪ್ ಮಾಡಬೇಕು. ಹಾಗಾಗಿ ಆಯ್ಕೆಗಳನ್ನು ಒಂದೊಂದಾಗಿ ತಳ್ಳಿಹಾಕುವ ಜಾಣತನ ಉಪಯೋಗಕ್ಕೆ ಬರುವುದಿಲ್ಲ. ಹಂತಗಳಿಗೆ ಅಂಕವೂ ಇಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಸೂತ್ರ ಬರೆದದ್ದಕ್ಕೆ ಅರ್ಧ ಅಂಕ ಸಿಗುವ ಸಂಪ್ರದಾಯ ಇಲ್ಲಿ ನಡೆಯದು. ‘ನನಗೆ ಗೊತ್ತಿಲ್ಲ’ ಎಂಬ ಗುಂಡಿಯನ್ನು ಒತ್ತಲು ನಮ್ಮ ಮಕ್ಕಳು ಹಿಂಜರಿಯುತ್ತಾರೆ. ಅದಕ್ಕೆ ಪ್ರತ್ಯೇಕ ಋಣಾಂಕವಿಲ್ಲ. ಆ ವಿಷಯ ಬಾರದು ಎಂಬ ಮಾಹಿತಿಯಷ್ಟೇ ಲೆಕ್ಕಕ್ಕೆ ಸೇರುತ್ತದೆ. ಪರೀಕ್ಷೆಯ ಆರಂಭದಲ್ಲಿ ಆದ ಒಂದು ಚಿಹ್ನೆಯ ತಪ್ಪನ್ನು ಮುಂದಿನ ಪ್ರಶ್ನೆಗಳು ತಿದ್ದಬಲ್ಲವು. ಕೊನೆಯಲ್ಲಾದರೆ ತಿದ್ದಲು ಪ್ರಶ್ನೆಗಳು ಉಳಿದಿರುವುದಿಲ್ಲ.

ಅಲೆಕ್ಸ್‌ನಲ್ಲೇ ನಡೆಯುವ ಕೋರ್ಸಿನ ನಡುವೆ ಬರುವ ಮರುಪರೀಕ್ಷೆ ಇನ್ನೊಂದು ದೂರಿಗೆ ಕಾರಣ. ಅಭ್ಯಾಸ ಮಾಡಿ ‘ಕಲಿತ’ ವಿಷಯಗಳು ಮರುಪರೀಕ್ಷೆಯಲ್ಲಿ ದೃಢಪಟ್ಟರೆ ಮಾತ್ರ ‘ಕರಗತ’ವಾದವು ಎಂದು ಎಣಿಕೆಯಾಗುತ್ತವೆ. ದೃಢಪಡದವು ಪಟ್ಟಿಯಿಂದ ಹಿಂದೆ ಸರಿಯುತ್ತವೆ. ಪ್ರಗತಿಯನ್ನು ತೋರಿಸುವ ವೃತ್ತಚಿತ್ರ (ಪೈ ಚಾರ್ಟ್) ಕುಗ್ಗುತ್ತದೆ. ಗಳಿಸಿದ ಅಂಕ ಕಿತ್ತುಕೊಂಡರು ಎಂದು ವಿದ್ಯಾರ್ಥಿಗೆ ಅನಿಸುವುದು ಸಹಜ. ಅಂಕವನ್ನು ಆಸ್ತಿಯೆಂದು ಭಾವಿಸಿದರೆ ಅದು ಅನ್ಯಾಯವೇ. ಸದ್ಯದ ಅಂದಾಜು ಎಂದು ಭಾವಿಸಿದರೆ ತಿದ್ದುಪಡಿ. ಆದರೆ ಅದೇ ವೃತ್ತಚಿತ್ರಕ್ಕೆ ವಾರದ ಗ್ರೇಡ್ ಅಂಟಿಸುವ ಶಿಕ್ಷಕರು ಅಂದಾಜನ್ನು ಆಸ್ತಿಯಾಗಿ ಮಾರ್ಪಡಿಸುತ್ತಾರೆ. ಈ ಗೊಂದಲಕ್ಕೆ ಹೊಣೆ ತಂತ್ರಾಂಶಕ್ಕಿಂತ ಅದನ್ನು ಬಳಸಿದ ರೀತಿಯೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಅನುಮಾನ ನಂಬಲರ್ಹವೇ? ಪರೀಕ್ಷೆಯ ನಡುವೆ ಯಾದೃಚ್ಛಿಕವಾಗಿ ಆರಿಸಿದ ಒಂದು ಹೆಚ್ಚುವರಿ ಪ್ರಶ್ನೆಯನ್ನು ತೂರಿಸಿ, ಅದರ ಉತ್ತರವನ್ನು ಅಂಕದ ಲೆಕ್ಕಕ್ಕೆ ತೆಗೆದುಕೊಳ್ಳದೆ, ಅಂದಾಜಿಸಿದ ಸ್ಥಿತಿ ಅದನ್ನು ಸರಿಯಾಗಿ ಊಹಿಸುತ್ತದೆಯೇ ಎಂದು ಅಲೆಕ್ಸ್ ಸಂಶೋಧಕರು ಪರಿಶೀಲಿಸಿದ್ದಾರೆ. ಇದು ಅಚ್ಚುಕಟ್ಟಾದ ವಿಧಾನ. ಮಾದರಿಯ ಒಳಗಿನ ಸುಸಂಬದ್ಧತೆಯನ್ನು ಅದು ತೋರಿಸಬಲ್ಲದು. ಆದರೆ ಕ್ಯಾಲ್ಕುಲಸ್ ತರಗತಿಗೆ 76 ಬೇಕೋ 70 ಸಾಕೋ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಗೆರೆ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಕಡೆ ಇದೆ. ಒಂದೇ ಅಂಕ ಪಡೆದವನು ಒಂದು ಊರಿನಲ್ಲಿ ಕ್ಯಾಲ್ಕುಲಸ್ ವಿದ್ಯಾರ್ಥಿ, ಇನ್ನೊಂದು ಊರಿನಲ್ಲಿ ಅಲ್ಲ. ಇಲಿನಾಯ್ ವಿಶ್ವವಿದ್ಯಾಲಯ 2007ರಲ್ಲಿ ಅಲೆಕ್ಸ್ ಅಳವಡಿಸಿಕೊಂಡ ಮೇಲೆ ಅಲ್ಲಿನ ಗಣಿತ ವಿಭಾಗದವರು ಪ್ರವೇಶದ ಅಂಕವನ್ನೂ ಕೋರ್ಸಿನ ಫಲಿತಾಂಶವನ್ನೂ ಅಕ್ಕಪಕ್ಕ ಇಟ್ಟು ಅಧ್ಯಯನ ಮಾಡಿ ಪ್ರಕಟಿಸಿದರು. ಕಟ್-ಆಫ್ ಇಡುವ ಪ್ರತಿ ಸಂಸ್ಥೆಯೂ ಮಾಡಬೇಕಾದ ಕೆಲಸ ಅದು. ಅಂಕ ಲೆಕ್ಕ ಹಾಕುವುದು ತಂತ್ರಾಂಶ. ಆ ಅಂಕ ಸಾಕೋ ಸಾಲದೋ ಎಂಬ ತೀರ್ಪು ಗಣಿತ ವಿಭಾಗದ್ದು, ಅದಕ್ಕೆ ಆಧಾರ ಒದಗಿಸುವ ಹೊಣೆಯೂ ವಿಭಾಗದ್ದೇ.