ಒಂದು ಹಳ್ಳಿ, ಎರಡು ಆಟ

ಐರ್ಲೆಂಡಿನ ಹಳ್ಳಿಗಳಲ್ಲಿ ಚರ್ಚು, ಶಾಲೆಗಳಷ್ಟೇ ಮುಖ್ಯವಾದ ಇನ್ನೊಂದು ಸಂಸ್ಥೆ ಇದೆ. ಅದು ಊರಿನ ಆಟದ ಕ್ಲಬ್ಬು. ಅಲ್ಲಿ ಆಡುವುದು ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್. ಹರ್ಲಿಂಗ್ ನೋಡಿದವರಿಗೆ ತಟ್ಟನೆ ನೆನಪಾಗುವುದು ಹಾಕಿ. ಆದರೆ ಇಲ್ಲಿ ಚೆಂಡನ್ನು ಗಾಳಿಯಲ್ಲೇ ಹೊಡೆಯಬಹುದು, ಕೈಯಲ್ಲಿ ಹಿಡಿಯಲೂಬಹುದು. ಗೇಲಿಕ್ ಫುಟ್‌ಬಾಲಿನಲ್ಲೂ ಕೈಗೆ ಕೆಲಸವುಂಟು. ಎರಡರಲ್ಲೂ ತಂಡಕ್ಕೆ 15 ಮಂದಿ, ಮೈದಾನವೂ ಒಂದೇ.

1884ರ ನವೆಂಬರ್ 1ರಂದು ತರ್ಲ್ಸ್ ಪಟ್ಟಣದ ಒಂದು ಹೋಟೆಲಿನಲ್ಲಿ ಮೈಕೆಲ್ ಕ್ಯೂಸಾಕ್ ಮತ್ತು ಸಂಗಡಿಗರು ‘ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್’ ಸ್ಥಾಪಿಸಿದರು. ದೇಶ ಆಗ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಆಳುವವರ ಆಟಗಳ ನಡುವೆ ತಮ್ಮ ಆಟಗಳು ಅಳಿಸಿಹೋಗಬಾರದು ಎಂಬುದು ಅವರ ಕಾಳಜಿಯಾಗಿತ್ತು. ಸಂಘ ಬೆಳೆದದ್ದು ಹಳ್ಳಿಗಳ ಆಧಾರದ ಮೇಲೆ. ಹುಟ್ಟಿದೂರಿನ ಕ್ಲಬ್ಬಿಗೇ ಆಡುವುದು ರೂಢಿ. ಆಟಗಾರರಿಗೆ ಸಂಬಳವಿಲ್ಲ.

ಇಂಥ ಕ್ಲಬ್ಬುಗಳಲ್ಲೊಂದು ಉತ್ತರ ಐರ್ಲೆಂಡಿನ ಡೆರಿ ಕೌಂಟಿಯ ಸ್ಲಾಟ್‌ನೀಲ್. ಕಾರ್ನ್‌ಟೋಹರ್ ಬೆಟ್ಟದ ಬುಡದ ಈ ಪುಟ್ಟ ಊರಿನಲ್ಲಿ ಕ್ಲಬ್ಬು ಹುಟ್ಟಿದ್ದು 1953ರಲ್ಲಿ. ಅದಕ್ಕಿಟ್ಟ ಹೆಸರು ರಾಬರ್ಟ್ ಎಮ್ಮೆಟ್‌ನದು. ಬ್ರಿಟಿಷರ ವಿರುದ್ಧ ಬಂಡೆದ್ದು ಡಬ್ಲಿನ್ನಿನಲ್ಲಿ ಗಲ್ಲಿಗೇರಿದ ಎಮ್ಮೆಟ್ ಸತ್ತು ಆ ವರ್ಷಕ್ಕೆ ಸರಿಯಾಗಿ 150 ವರ್ಷ. ದೇಶ ಇಬ್ಭಾಗವಾದ ಮೇಲೆ ಬ್ರಿಟನ್ನಿನ ಆಡಳಿತದಲ್ಲೇ ಉಳಿದ ಭಾಗದಲ್ಲಿ ಇಂಥ ಹೆಸರು ಇಟ್ಟುಕೊಳ್ಳುವುದೆಂದರೆ ತಾವು ಯಾರೆಂದು ಸಾರಿ ಹೇಳಿದಂತೆ.

ಸಣ್ಣ ಊರಿಗೆ ಎರಡು ಆಟ ಸಾಕುವುದು ಸುಲಭವಲ್ಲ. ಈ ವಾರ ಹರ್ಲಿಂಗ್ ಕೋಲು ಹಿಡಿದ ಹುಡುಗರೇ ಮುಂದಿನ ವಾರ ಫುಟ್‌ಬಾಲ್ ಆಡಬೇಕು. ದಣಿವು, ಗಾಯ, ಪಂದ್ಯಗಳ ತಿಕ್ಕಾಟ ತಪ್ಪಿದ್ದಲ್ಲ. ಹೀಗಾಗಿ ಎಷ್ಟೋ ಊರುಗಳು ಒಂದನ್ನು ಆರಿಸಿ ಇನ್ನೊಂದನ್ನು ಬಿಟ್ಟಿವೆ. ಸ್ಲಾಟ್‌ನೀಲ್ ಎರಡನ್ನೂ ಬಿಡಲಿಲ್ಲ. ಫುಟ್‌ಬಾಲಿನಲ್ಲಿ ಕೌಂಟಿಯ ಹಿರಿಯರ ಪ್ರಶಸ್ತಿ ಮೊದಲ ಸಲ ಕೈಸೇರಿದ್ದೇ 2004ರಲ್ಲಿ, ಅಂದರೆ ಅರ್ಧ ಶತಮಾನ ಕಾದ ಮೇಲೆ. ಅಲ್ಸ್ಟರ್ ಪ್ರಾಂತ್ಯದ ಪ್ರಶಸ್ತಿ ಬಂದದ್ದು 2014ರಲ್ಲಿ.

2016 ಊರಿನ ಸುಗ್ಗಿಯ ವರ್ಷ. ಅಲ್ಸ್ಟರ್ ಹರ್ಲಿಂಗ್ ಪ್ರಶಸ್ತಿ ಅಲ್ಲಿಯವರೆಗೆ ಡೆರಿಯ ಯಾವ ಕ್ಲಬ್ಬಿಗೂ ದಕ್ಕಿರಲಿಲ್ಲ. ಸ್ಲಾಟ್‌ನೀಲ್ ಅದನ್ನು ಗೆದ್ದಿತು, ಫುಟ್‌ಬಾಲನ್ನೂ ಗೆದ್ದಿತು. ಹೆಂಗಸರ ಹರ್ಲಿಂಗ್ ಆದ ಕಮೋಗಿಯಲ್ಲಿ ಊರಿನ ಹೆಣ್ಣುಮಕ್ಕಳೂ ಗೆದ್ದರು. ಒಂದೇ ವರ್ಷ ಈ ಮೂರನ್ನೂ ಗೆದ್ದ ಕ್ಲಬ್ಬು ಪ್ರಾಂತ್ಯದಲ್ಲಿ ಅದಕ್ಕೆ ಮುಂಚೆ ಇರಲಿಲ್ಲ. ಕ್ರಿಸ್ಸಿ ಮೆಕೈಗ್, ಬ್ರೆಂಡನ್ ರೋಜರ್ಸ್ ಅವರಂಥವರು ಎರಡು ತಂಡಗಳಲ್ಲೂ ಆಡಿದ್ದರು.

ಅಖಿಲ ಐರ್ಲೆಂಡ್ ಮಟ್ಟದಲ್ಲಿ ಮಾತ್ರ ಗಂಡಸರಿಗೆ ಅದೃಷ್ಟ ಒಲಿಯಲಿಲ್ಲ. ಫುಟ್‌ಬಾಲ್ ಫೈನಲಿನಲ್ಲಿ 2015ರಲ್ಲಿ ಕೊರೊಫಿನ್ ಎದುರು, 2017ರಲ್ಲಿ ಡಾ. ಕ್ರೋಕ್ಸ್ ಎದುರು ಸೋತರು. ದೊಡ್ಡ ಕಿರೀಟ ಊರಿಗೆ ತಂದವರು ಹೆಣ್ಣುಮಕ್ಕಳು. 2017, 2018, 2019ರಲ್ಲಿ ಸತತ ಮೂರು ಸಲ ಅವರು ದೇಶದ ಚಾಂಪಿಯನ್ನರಾದರು.

ಈ ಕತೆಗೆ ಇನ್ನೊಂದು ಮುಖವಿದೆ. ಸುತ್ತಿನ ಊರುಗಳಲ್ಲಿ ಐರಿಷ್ ಭಾಷೆ ಮನೆಮಾತಾಗಿ ಉಳಿದಿರಲಿಲ್ಲ. 1990ರ ದಶಕದಲ್ಲಿ ಊರಿನವರು ಐರಿಷ್ ಮಾಧ್ಯಮದ ಶಿಶುವಿಹಾರ, ಶಾಲೆ ತೆರೆದರು. ಅಲ್ಲಿ ಕಲಿತ ಮಕ್ಕಳು ಮೈದಾನಕ್ಕೆ ಇಳಿದಾಗ ಆಟದ ಜೊತೆ ಮಾತೂ ಬಂತು. ಉತ್ತರ ಐರ್ಲೆಂಡಿನಲ್ಲಿ ಐರಿಷ್‌ಗೆ ಕಾನೂನಿನ ಮನ್ನಣೆ ಸಿಕ್ಕಿದ್ದು 2022ರಲ್ಲಿ. ಸ್ಲಾಟ್‌ನೀಲ್ ಅದಕ್ಕಾಗಿ ಕಾದು ಕೂತಿರಲಿಲ್ಲ.

2018ರಲ್ಲಿ ಯುನೆಸ್ಕೋ ಹರ್ಲಿಂಗನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವ ದೊಡ್ಡದೇ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಆಟ ಉಳಿಯುವುದಿಲ್ಲ. ಸಂಜೆ ಮೈದಾನಕ್ಕೆ ಬರುವ ಮಕ್ಕಳು, ಅವರಿಗೆ ಕಲಿಸಲು ಕೂಲಿಯಿಲ್ಲದೆ ನಿಲ್ಲುವ ಹಿರಿಯರು ಇರುವತನಕ ಉಳಿಯುತ್ತದೆ.