ಮಂಗಳಾರತಿಯ ತಟ್ಟೆ

ನಾನು ಚಿಕ್ಕವನಾಗಿದ್ದಾಗ ನಮ್ಮೂರಿನ ರಾಮನವಮಿಯ ಚಪ್ಪರದಲ್ಲಿ ಪ್ರತಿವರ್ಷವೂ ಹರಿಕಥೆ ನಡೆಯುತ್ತಿತ್ತು. ಅದಕ್ಕೆ ಪ್ರವೇಶಧನವೆಂಬುದಿರಲಿಲ್ಲ. ಯಾರು ಬೇಕಾದರೂ ಬಂದು ಕುಳಿತು ದಾಸರ ಹಾಡನ್ನೂ ಉಪಕಥೆಗಳನ್ನೂ ಮನದಣಿಯೆ ಕೇಳಬಹುದಾಗಿತ್ತು. ಕೊನೆಗೆ ಮಂಗಳಾರತಿಯ ತಟ್ಟೆ ಸಭೆಯ ನಡುವೆ ಬರುತ್ತಿತ್ತು. ಉಳ್ಳವರು ರೂಪಾಯಿ ಹಾಕುತ್ತಿದ್ದರು; ಉಳಿದವರು ಐದು ಪೈಸೆ, ಹತ್ತು ಪೈಸೆ; ಏನೂ ಇಲ್ಲದವರು ಆರತಿ ತೆಗೆದುಕೊಂಡು ಕೈಮುಗಿಯುತ್ತಿದ್ದರು. ಅವರನ್ನು ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ತಟ್ಟೆ ಬರುವ ಹೊತ್ತಿಗೆ ಸರಿಯಾಗಿ ಎದ್ದು, ಚಪ್ಪರದ ಹಿಂಬದಿಯ ಕತ್ತಲೆಯಲ್ಲಿ ಮರೆಯಾಗುವ ಕೆಲವರಿದ್ದರು. ಅವರು ಯಾರೆಂಬುದು ಊರಿಗೆಲ್ಲ ತಿಳಿದಿತ್ತು.

ಈ ಚಿತ್ರ ನನಗೆ ಮತ್ತೆ ನೆನಪಾದದ್ದು ಬಹಳ ವರ್ಷಗಳ ಮೇಲೆ, 2002ರ ಸುಮಾರಿಗೆ. ಪದವಿ ತರಗತಿಯ ವಿದ್ಯಾರ್ಥಿಯೊಬ್ಬ ಕಂಪ್ಯೂಟರಿನ ಮೂಲಕ ನೂರಾರು ಹಾಡುಗಳನ್ನು ಹಣ ತೆರದೆ ಇಳಿಸಿಕೊಂಡು, ಸಿ.ಡಿ.ಯೊಂದರಲ್ಲಿ ತುಂಬಿ, ಪ್ರೀತಿಯಿಂದ ನನಗೆ ತಂದುಕೊಟ್ಟ. "ಇದು ಕಳವಲ್ಲವೇನಪ್ಪ?" ಎಂದು ಕೇಳಿದೆ. "ಹಸು ಕದ್ದರೆ ಕೊಟ್ಟಿಗೆ ಬರಿದಾಗುತ್ತದೆ, ಸಾರ್. ಹಾಡು ಇಳಿಸಿಕೊಂಡರೆ ಅದು ಇದ್ದಲ್ಲೇ ಇರುತ್ತದಲ್ಲ. ಯಾರಿಗೆ ಏನು ಹೋಯಿತು?" ಎಂದ. ನಾನು ಉತ್ತರ ಕೊಡಲಿಲ್ಲ. ಕೊಡುವ ಯೋಗ್ಯತೆ ನನಗಿರಲಿಲ್ಲ. 1984ರಲ್ಲಿ, ಅಧ್ಯಾಪಕ ವೃತ್ತಿಗೆ ಸೇರಿದ ಹೊಸತರಲ್ಲಿ, ನಾನೇ ಖಾಲಿ ಕ್ಯಾಸೆಟ್ಟುಗಳನ್ನು ಅಂಗಡಿಯೊಂದಕ್ಕೆ ಕೊಟ್ಟು, ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದು, ಭಾವಗೀತೆಗಳನ್ನು ತುಂಬಿಸಿಕೊಂಡು ಬಂದಿದ್ದೆ. ಅವು ಇಂದಿಗೂ ನನ್ನ ಬೀರುವಿನಲ್ಲಿವೆ. ಅವುಗಳ ಮೇಲೆ ಹಾಡಿನ ಮೊದಲ ಪದಗಳಿವೆ. ಕವಿಯ ಹೆಸರಿಲ್ಲ, ಹಾಡಿದವರ ಹೆಸರೂ ಇಲ್ಲ. ಅದೇ ಕವಿಗಳನ್ನು ತರಗತಿಯಲ್ಲಿ ಪಾಠ ಹೇಳಿ ಸಂಬಳ ಪಡೆಯುತ್ತಿದ್ದವನು ನಾನು. ಹೀಗಾಗಿ ಆ ಹುಡುಗನ ಪ್ರಶ್ನೆ ನನ್ನ ಪ್ರಶ್ನೆಯೂ ಆಯಿತು. ಅದಕ್ಕೆ ಉತ್ತರವನ್ನು ಚರಿತ್ರೆಯಲ್ಲಿ ಹುಡುಕಲು ಮಾಡಿದ ಪ್ರಯತ್ನವೇ ಈ ಭಾಷಣ.

ಪ್ರತಿ ಮಾಡುವುದು ನಮ್ಮಲ್ಲಿ ಎಂದೂ ಪಾಪವೆನಿಸಿರಲಿಲ್ಲ. ಅದು ಪುಣ್ಯಕಾರ್ಯವೆಂದೇ ಎಣಿಕೆಯಾಗಿತ್ತು. ಹತ್ತನೆಯ ಶತಮಾನದ ಅಂತ್ಯಭಾಗದಲ್ಲಿದ್ದ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು. ಓಲೆಗರಿ ಪಡೆದವರು ಅದಕ್ಕೆ ಬೆಲೆ ತೆತ್ತಿರಲಾರರು. ಹಾಗಿದ್ದರೆ ನನ್ನ ವಿದ್ಯಾರ್ಥಿಯೂ ಅತ್ತಿಮಬ್ಬೆಯ ದಾರಿಯಲ್ಲೇ ನಡೆದನೆನ್ನಬಹುದೆ? ಹಾಗೆನ್ನಲು ಬಾರದು. ಪೊನ್ನನಿಂದ ಆ ಕಾವ್ಯವನ್ನು ಬರೆಯಿಸಿದವರು ಅತ್ತಿಮಬ್ಬೆಯ ತಂದೆ ಮಲ್ಲಪ ಮತ್ತು ಆತನ ಸೋದರ ಪುನ್ನಮಯ್ಯ. ಕವಿಯ ಯೋಗಕ್ಷೇಮವನ್ನು ಮೊದಲೇ ವಹಿಸಿಕೊಂಡ ಮನೆತನದವರು, ಮುಂದೆ ಲಿಪಿಕಾರರ ಶ್ರಮವನ್ನೂ ತಾವೇ ಹೊತ್ತರು. ಓದುಗನಿಗೆ ಗ್ರಂಥ ಉಚಿತವಾಗಿ ದೊರೆತದ್ದು, ಬೇರೊಬ್ಬರು ಅದರ ಋಣವನ್ನು ಮೊದಲೇ ಸಲ್ಲಿಸಿದ್ದರಿಂದ.

ದಾಸರ ಪದಗಳ ಮಾತೂ ಹೀಗೆಯೆ. ಅವನ್ನು ಯಾರು ಬೇಕಾದರೂ ಹಾಡಬಹುದಿತ್ತು. ಆದರೆ ಹಾಡುವವನು ಅಂಕಿತವನ್ನು ಬಿಡುವಂತಿರಲಿಲ್ಲ. ಪುರಂದರವಿಠಲ ಎಂದೊಡನೆ ಪದ ಯಾರದೆಂದು ತಿಳಿಯುತ್ತದೆ. ಕೂಡಲಸಂಗಮದೇವ ಎಂದೊಡನೆ ವಚನ ಬಸವಣ್ಣನವರದೆಂದು ತಿಳಿಯುತ್ತದೆ. ಅಂಕಿತವು ದೇವರ ಹೆಸರೇ ಆಗಿದ್ದರೂ ರಚಿಸಿದವನ ಗುರುತನ್ನು ಅದು ಕಾಯುತ್ತದೆ. ಇನ್ನು ಗೋಪಾಳಬುಟ್ಟಿ ಹಿಡಿದು ಮನೆಬಾಗಿಲಿಗೆ ಬಂದ ದಾಸರಿಗೆ ಹಿಡಿ ಅಕ್ಕಿ ನೀಡದೆ ಕಳುಹಿಸುವುದು ಗೃಹಸ್ಥಧರ್ಮವೆನಿಸುತ್ತಿರಲಿಲ್ಲ. ಹಾಡಿಗೆ ಬೆಲೆ ಕಟ್ಟಿರಲಿಲ್ಲ, ನಿಜ. ಆದರೆ ಬೆಲೆಯಿಲ್ಲದ್ದೆಲ್ಲ ಋಣವಿಲ್ಲದ್ದೆಂದು ಯಾರೂ ಭಾವಿಸಿರಲಿಲ್ಲ.

ಪೋಷಕನಾದ ದೊರೆಯೂ ಮರೆಯಾಗಿ, ಬಾಗಿಲಿಗೆ ಬರುವ ದಾಸನೂ ಮರೆಯಾಗಿ, ಸಂಗೀತವು ಪೇಟೆಯ ಬಾಳಿಗೆ ಬಂದಾಗ ಈ ಋಣವನ್ನು ಯಾರು ಸಲ್ಲಿಸಬೇಕೆಂಬ ಪ್ರಶ್ನೆ ಎದ್ದಿತು. ಅದನ್ನು ಸ್ಪಷ್ಟವಾಗಿ ಕೇಳಿದವರಲ್ಲಿ ಮೊದಲಿಗನೆಂದರೆ ಪ್ಯಾರಿಸ್ಸಿನ ಗೀತಕಾರ ಅರ್ನೆಸ್ಟ್ ಬೂರ್ಜೆ. 1847ರಲ್ಲಿ ಆತ ಸ್ನೇಹಿತರೊಡನೆ ಷಾನ್ಜ್ ಎಲಿಜೆ ಬೀದಿಯ ಆಂಬಾಸಡೂರ್ ಎಂಬ ಕಾಫಿಗೃಹದಲ್ಲಿ ಕುಳಿತಿದ್ದಾಗ ಅಲ್ಲಿ ಅವರದೇ ರಚನೆಗಳನ್ನು ನುಡಿಸುತ್ತಿದ್ದರು. ಕುಡಿದ ಸಕ್ಕರೆ ನೀರಿನ ಹಣ ಕೇಳಲು ಬಂದವನಿಗೆ ಬೂರ್ಜೆ ಕೊಡಲೊಪ್ಪಲಿಲ್ಲ: ನೀವು ನನ್ನ ಹಾಡಿಗೆ ಕೊಡುವುದಿಲ್ಲ, ನಾನು ನಿಮ್ಮ ಪಾನೀಯಕ್ಕೆ ಏಕೆ ಕೊಡಬೇಕು ಎಂಬುದು ಆತನ ವಾದ. ವಿಷಯ ನ್ಯಾಯಾಲಯಕ್ಕೆ ಹೋಯಿತು. 1849ರ ಹೊತ್ತಿಗೆ ಮೇಲಿನ ನ್ಯಾಯಾಲಯವೂ ರಚನಕಾರರ ಹಕ್ಕನ್ನು ಎತ್ತಿಹಿಡಿಯಿತು. 1851ರಲ್ಲಿ ಸ್ಥಾಪಿತವಾದ ಸಾಸೆಮ್ ಎಂಬ ಸಂಘ, ನುಡಿಸುವೆಡೆಗಳಿಂದ ಹಣ ಸಂಗ್ರಹಿಸಿ ರಚನಕಾರರಿಗೆ ಹಂಚುವ ಕೆಲಸವನ್ನು ಇಂದಿಗೂ ನಡೆಸುತ್ತಿದೆ. ಇಲ್ಲಿ ಒಂದು ಅಂಶ ಗಮನಾರ್ಹ: ಬೂರ್ಜೆ ದಾವೆ ಹೂಡಿದ್ದು ಕೇಳುಗರ ಮೇಲಲ್ಲ, ತನ್ನ ಹಾಡಿನಿಂದ ವ್ಯಾಪಾರ ಬೆಳೆಸಿಕೊಂಡವನ ಮೇಲೆ.

ಅನಂತರ ಬಂದದ್ದು ಯಂತ್ರಗಳ ಕಾಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಧ್ವನಿಮುದ್ರಿಸಿಕೊಂಡ. ಆ ಮುದ್ರಿಕೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗಬೇಕಾಗಿತ್ತು. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಹಾಡಿನ ಕೊನೆಗೆ ಗಾಯಕರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವ ಪದ್ಧತಿ ಬಂದಿತು. ಗೌಹರ್ ಜಾನ್ ಅವರ ತಟ್ಟೆಗಳಲ್ಲಿ ಆ ದನಿ ಇಂದಿಗೂ ಕೇಳುತ್ತದೆ. ಅದನ್ನು ಕೇಳಿದಾಗಲೆಲ್ಲ, ಇದು ಯಂತ್ರಯುಗದ ಅಂಕಿತವಲ್ಲವೆ ಎಂದು ನನಗೆ ಅನಿಸಿದೆ. ಆಕೆ ನೂರಾರು ತಟ್ಟೆಗಳಿಗೆ ಹಾಡಿದರು. ಆ ತಟ್ಟೆಗಳು ದೇಶದ ಮೂಲೆಮೂಲೆಗೆ ಹೋದವು. ಬಾಳಿನ ಕೊನೆಗಾಲದಲ್ಲಿ ಆಸ್ತಿ ಕರಗಿದ ಆಕೆಗೆ ಆಶ್ರಯವಾದದ್ದು ನಮ್ಮ ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಆಕೆಯನ್ನು ಆಸ್ಥಾನಕ್ಕೆ ಬರಮಾಡಿಕೊಂಡರು. 1930ರ ಜನವರಿಯಲ್ಲಿ ಆಕೆ ಮೈಸೂರಿನಲ್ಲಿಯೇ ತೀರಿಕೊಂಡರು. ದನಿ ಸಾವಿರಾರು ಮನೆಗಳಲ್ಲಿ ಹಾಡುತ್ತಿದ್ದಾಗ ದನಿಯ ಒಡತಿಯನ್ನು ಕಾಪಾಡಲು ಮತ್ತೆ ಹಳೆಯ ಕಾಲದ ದೊರೆಯೊಬ್ಬರೇ ಬೇಕಾಯಿತು. ಈ ಸಂಗತಿಯಲ್ಲಿ ನಾವು ಕಲಿಯಬೇಕಾದ ಪಾಠವಿದೆ. ಯಂತ್ರವು ಹಾಡನ್ನು ಹಾಡುಗಾರನಿಂದ ಬೇರ್ಪಡಿಸಿತು. ಎದುರಿಗೆ ಕುಳಿತವನಿಗೆ ಕೊಡದೆ ಏಳಲು ನಾಚಿಕೆಯಾಗುತ್ತದೆ. ಪೆಟ್ಟಿಗೆಯೊಳಗಿನ ದನಿಯ ಮುಂದೆ ಯಾವ ನಾಚಿಕೆ?

ಕಾನೂನು ಯಂತ್ರದ ಹಿಂದೆ ಏದುಸಿರು ಬಿಡುತ್ತ ಓಡುವುದೇ ಮುಂದಿನ ಚರಿತ್ರೆ. ಅಮೆರಿಕದಲ್ಲಿ ತೂತು ಕೊರೆದ ಕಾಗದದ ಸುರುಳಿಯಿಂದ ತಾನೇ ನುಡಿಯುವ ಪಿಯಾನೊ ಬಂದಿತು. ಆ ಸುರುಳಿಯನ್ನು ಮನುಷ್ಯನು ಕಣ್ಣಿನಿಂದ ಓದಲಾರನಾದ್ದರಿಂದ ಅದು ಹಾಡಿನ ಪ್ರತಿಯೇ ಅಲ್ಲವೆಂದು 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮರುವರ್ಷವೇ ಅಲ್ಲಿನ ಶಾಸನಸಭೆ ಕಾನೂನು ಮಾಡಿ, ಒಂದೊಂದು ಸುರುಳಿಗೂ ತಟ್ಟೆಗೂ ರಚನಕಾರನಿಗೆ ಎರಡು ಸೆಂಟು ಸಲ್ಲಬೇಕೆಂದು ವಿಧಿಸಿತು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದ ಮೇಲೆ ಪ್ರತಿಯೆತ್ತುವುದು ಮನೆಮನೆಯ ಕೆಲಸವಾಗುವ ದಾರಿ ತೆರೆಯಿತು. ಪಶ್ಚಿಮ ಜರ್ಮನಿ ಇದಕ್ಕೊಂದು ವಿವೇಕದ ದಾರಿಯನ್ನು ಕಂಡುಕೊಂಡಿತು. 1965ರ ತನ್ನ ಕಾನೂನಿನಲ್ಲಿ, ಮನೆಯೊಳಗೆ ಇಣುಕಿ ನೋಡುವ ಗೋಜಿಗೆ ಹೋಗದೆ, ಧ್ವನಿಮುದ್ರಣ ಯಂತ್ರವನ್ನು ತಯಾರಿಸುವವರಿಂದಲೇ ಒಂದು ಪಾಲನ್ನು ಪಡೆದು ಕಲಾವಿದರಿಗೆ ಹಂಚುವ ಏರ್ಪಾಡು ಮಾಡಿತು. ಇಂಗ್ಲೆಂಡಿನ ಕಂಪನಿಗಳಾದರೋ 1981ರಲ್ಲಿ, ಮನೆಯ ಧ್ವನಿಮುದ್ರಣ ಸಂಗೀತವನ್ನು ಕೊಲ್ಲುತ್ತಿದೆ ಎಂದು ಘೋಷಣೆ ಹೊರಡಿಸಿದವು. ನಮ್ಮಲ್ಲಿ ಇಂಥ ಏರ್ಪಾಡೂ ಇರಲಿಲ್ಲ, ಅಂಥ ಗದ್ದಲವೂ ಕೇಳಿಸಲಿಲ್ಲ. ಎಂಬತ್ತರ ದಶಕದಲ್ಲಿ ನಕಲಿ ಕ್ಯಾಸೆಟ್ಟುಗಳು ಸಂತೆಬೀದಿಗಳಲ್ಲಿ ರಾಶಿಬಿದ್ದವು. ನನ್ನಂಥವರು ಕೊಂಡುಕೊಂಡೆವು, ತುಂಬಿಸಿಕೊಂಡೆವು. ಅದೇ ಅಗ್ಗದ ಕ್ಯಾಸೆಟ್ಟು ಜನಪದ ಗೀತೆಗಳನ್ನೂ ಭಾವಗೀತೆಗಳನ್ನೂ ಹಳ್ಳಿಗಳಿಗೆ ಒಯ್ದಿತೆಂಬುದನ್ನೂ ಮರೆಯಬಾರದು. ಒಳಿತು ಕೆಡುಕುಗಳು ಒಂದೇ ಸುರುಳಿಯಲ್ಲಿ ಸುತ್ತಿಕೊಂಡಿದ್ದವು.

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ಪ್ರಮುಖ ಪಾತ್ರ ವಹಿಸಿ ಸಿದ್ಧಪಡಿಸಿದ ಎಂಪಿ3 ಎಂಬ ವಿಧಾನ, ಕಿವಿಗೆ ಅಷ್ಟಾಗಿ ಕೇಳಿಸದ ಅಂಶಗಳನ್ನು ಬಿಟ್ಟು, ಹಾಡನ್ನು ಮೂಲದ ಸುಮಾರು ಹತ್ತನೆಯ ಒಂದು ಪಾಲಿಗೆ ಕುಗ್ಗಿಸಿತು. 1999ರಲ್ಲಿ ಷಾನ್ ಫ್ಯಾನಿಂಗ್ ಎಂಬ ಅಮೆರಿಕದ ತರುಣ ನ್ಯಾಪ್‌ಸ್ಟರ್ ಎಂಬ ವ್ಯವಸ್ಥೆಯನ್ನು ಹೂಡಿದ. ಹಾಡುಗಳು ಅವನ ಬಳಿ ಇರಲಿಲ್ಲ. ಯಾರ ಮನೆಯ ಕಂಪ್ಯೂಟರಿನಲ್ಲಿ ಯಾವ ಹಾಡಿದೆಯೆಂಬ ಪಟ್ಟಿ ಮಾತ್ರ ಇತ್ತು. ಕೋಟಿಗಟ್ಟಲೆ ಜನ ಪರಸ್ಪರ ಹಾಡುಗಳನ್ನು ಇಳಿಸಿಕೊಂಡರು. ಕೊಳ್ಳುವ ಮುನ್ನ ರುಚಿ ನೋಡುತ್ತಿದ್ದಾರೆ, ಅಷ್ಟೆ ಎಂಬ ವಾದ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 2001ರ ಫೆಬ್ರವರಿಯ ತೀರ್ಪಿನ ಬಳಿಕ ಅದೇ ಜುಲೈಯಲ್ಲಿ ಆ ಸೇವೆ ನಿಂತಿತು. 2003ರಲ್ಲಿ ಕಂಪನಿಗಳು ಕೇಳುಗರ ಮೇಲೆಯೇ ದಾವೆಗಳನ್ನು ಹೂಡಿದವು. ಮೊದಲ ಕಂತಿನ 261 ಜನರಲ್ಲಿ ಹನ್ನೆರಡು ವರ್ಷದ ಬಾಲಕಿಯ ಪ್ರಕರಣವೂ ಸೇರಿತ್ತು. ಬೂರ್ಜೆಯ ವಿವೇಕವನ್ನು ಅವು ಮರೆತಿದ್ದವು. ಆದರೆ ಅದೇ ವರ್ಷದ ಏಪ್ರಿಲಿನಲ್ಲಿ ಆಪಲ್ ಕಂಪನಿ ಒಂದು ಹಾಡಿಗೆ 99 ಸೆಂಟಿನಂತೆ ಮಾರಾಟ ತೆರೆದಾಗ ಮೊದಲ ವಾರದಲ್ಲೇ ಹತ್ತು ಲಕ್ಷ ಹಾಡುಗಳು ಮಾರಿಹೋದವು. ತಟ್ಟೆ ತಮ್ಮ ಮುಂದೆ ಬಂದರೆ ಹಾಕುವ ಜನ ಅನೇಕರಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಲ್ಲಿ ನನ್ನ ವಿದ್ಯಾರ್ಥಿ ಇನ್ನೊಂದು ಮಾತು ಹೇಳಬಹುದಿತ್ತು: "ಕೊಟ್ಟರೂ ಹಾಡುಗಾರನಿಗೆ ಎಲ್ಲಿ ತಲುಪುತ್ತದೆ, ಸಾರ್?" ಈ ಮಾತಿನಲ್ಲಿ ಹುರುಳಿದೆ. ನಮ್ಮ ದೇಶದಲ್ಲಿ ರಚನಕಾರರ ಪರವಾಗಿ ಹಣ ಸಂಗ್ರಹಿಸಲು ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ 1969ರಲ್ಲಿ ಹುಟ್ಟಿತು. ಆದರೆ 1977ರಲ್ಲಿ ಸುಪ್ರೀಂ ಕೋರ್ಟು, 1957ರ ಕೃತಿಸ್ವಾಮ್ಯ ಕಾನೂನನ್ನು ವ್ಯಾಖ್ಯಾನಿಸುತ್ತ, ಬೇರೆ ಒಪ್ಪಂದವಿಲ್ಲದಿದ್ದರೆ ಚಲನಚಿತ್ರಕ್ಕೆಂದು ಬರೆಸಿದ ಹಾಡಿನ ಒಡೆತನ ನಿರ್ಮಾಪಕನದೇ ಎಂದು ತೀರ್ಮಾನಿಸಿತು. ಕವಿಗೂ ಸಂಗೀತ ನಿರ್ದೇಶಕನಿಗೂ ಮೊದಲು ಕೊಟ್ಟದ್ದೇ ಕೊನೆಯದಾಯಿತು. ಆ ತೀರ್ಪಿಗೆ ಪ್ರತ್ಯೇಕ ಟಿಪ್ಪಣಿ ಸೇರಿಸಿದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು, ಹಾಡಿಗೆ ಜೀವ ತುಂಬುವ ಗಾಯಕನಿಗೆ ಕಾನೂನಿನಲ್ಲಿ ಹಕ್ಕೇ ಇಲ್ಲದಿರುವುದನ್ನು ಎತ್ತಿ ತೋರಿಸಿದರು. ಗಾಯಕ ವಾದಕರ ಹಕ್ಕು ಕಾನೂನಿಗೆ ಸೇರಿದ್ದು 1994ರ ತಿದ್ದುಪಡಿಯಲ್ಲಿ. ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗಲೆಲ್ಲ ಕವಿಗೂ ಸಂಗೀತ ನಿರ್ದೇಶಕನಿಗೂ ರಾಯಲ್ಟಿಯಲ್ಲಿ ಸಮಪಾಲಿನ ಹಕ್ಕಿದೆಯೆಂದೂ ಅದನ್ನು ಬರೆದುಕೊಟ್ಟರೂ ಬಿಟ್ಟುಕೊಡಲಾಗದೆಂದೂ ವಿಧಿಯಾದದ್ದು 2012ರಲ್ಲಿ. ಅದಕ್ಕಾಗಿ ರಾಜ್ಯಸಭೆಯಲ್ಲಿ ಹೋರಾಡಿದವರು ಕವಿ ಜಾವೇದ್ ಅಖ್ತರ್. ಹಾಗೆ ನೋಡಿದರೆ ತಟ್ಟೆಯ ಹಣ ದಾಸರಿಗೆ ಸೇರದೆ ಚಪ್ಪರ ಹಾಕಿಸಿದವನ ಕೈ ಸೇರಿದ ಕಾಲವೇ ದೀರ್ಘವಾದದ್ದು.

ಆದರೂ ಒಬ್ಬನ ತಪ್ಪು ಇನ್ನೊಬ್ಬನ ತಪ್ಪನ್ನು ತೊಳೆಯುವುದಿಲ್ಲ. ಚಪ್ಪರದವನು ದಾಸರಿಗೆ ವಂಚಿಸಿದನೆಂದು ನಾನು ತಟ್ಟೆಗೆ ಬೆನ್ನು ತಿರುಗಿಸಿದರೆ, ವಂಚಿತರಾದ ದಾಸರಿಗೆ ನನ್ನಿಂದ ಆದ ಉಪಕಾರವಾದರೂ ಏನು? ಹಾಡನ್ನು ಇಳಿಸಿಕೊಂಡರೆ ಅದು ಇದ್ದಲ್ಲೇ ಇರುತ್ತದೆಂಬ ಮಾತು ಸತ್ಯ. ಹರಿಕಥೆಯೂ ಹಾಗೆಯೇ, ಕತ್ತಲೆಯಲ್ಲಿ ಎದ್ದುಹೋದವನಿಂದ ಕಥೆಯ ಒಂದಕ್ಷರವೂ ಕಡಿಮೆಯಾಗುತ್ತಿರಲಿಲ್ಲ. ಕಡಿಮೆಯಾಗುವುದು ಮುಂದಿನ ವರ್ಷದ ಕಥೆ. ಎಲ್ಲರೂ ತಟ್ಟೆ ಬರುವ ಮುನ್ನವೇ ಎದ್ದರೆ, ದಾಸರು ನಮ್ಮೂರಿನ ದಾರಿಯನ್ನು ಮರೆಯುತ್ತಾರೆ. ಹೋಗುವುದು ಹಾಡಲ್ಲ, ಹಾಡುವವನು. ಕಳವು ಎಂಬ ಪದ ಇದಕ್ಕೆ ಸರಿಯಾಗಿ ಹೊಂದದಿರಬಹುದು. ಋಣವಂಚನೆ ಎಂಬ ಪದ ಹೊಂದುತ್ತದೆ.

ಹಾಗೆಂದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಸಿದ್ಧನಿಲ್ಲ. ಕೊಡಲು ಏನೂ ಇಲ್ಲದ ವಿದ್ಯಾರ್ಥಿ, ಮಾರಾಟದಲ್ಲೇ ಇಲ್ಲದ ಹಳೆಯ ತಟ್ಟೆಯ ಹಾಡನ್ನು ಹುಡುಕಿ ಉಳಿಸಿದ ರಸಿಕ, ಇವರು ಕೈಮುಗಿದು ಆರತಿ ತೆಗೆದುಕೊಂಡವರ ಸಾಲಿನವರು. ಜೇಬಿನಲ್ಲಿ ಸಂಬಳವಿದ್ದೂ ಕತ್ತಲೆಗೆ ಸರಿದವನ ಮಾತು ಬೇರೆ. 1984ರಲ್ಲಿ ನಾನು ಈ ಎರಡನೆಯ ಸಾಲಿನಲ್ಲಿದ್ದೆ. ಇಂದು ತಿಂಗಳ ಚಂದಾ ಕಟ್ಟಿದರೆ ಅಂಗೈಯಲ್ಲೇ ಲಕ್ಷಾಂತರ ಹಾಡುಗಳು ದೊರೆಯುತ್ತವೆ. ಅದರಲ್ಲಿ ಕಲಾವಿದನಿಗೆ ಸಲ್ಲುವ ಪಾಲು ತೀರ ಸಣ್ಣದೆಂಬ ದೂರು ಇದ್ದೇ ಇದೆ. ಆ ದೂರನ್ನು ಎತ್ತುವ ಅಧಿಕಾರ ತನ್ನ ಪಾಲನ್ನು ಸಲ್ಲಿಸಿದವನ ಬಾಯಲ್ಲಿ ಹೆಚ್ಚು ಶೋಭಿಸುತ್ತದೆ.

ನಿವೃತ್ತನಾದ ಮೇಲೆ ಆ ಹಳೆಯ ಕ್ಯಾಸೆಟ್ಟುಗಳನ್ನು ಹೊರತೆಗೆದು, ಒಂದೊಂದರ ಮೇಲೂ ಕವಿಯ ಹೆಸರನ್ನೂ ರಾಗ ಸಂಯೋಜಿಸಿದವರ ಹೆಸರನ್ನೂ ಹಾಡಿದವರ ಹೆಸರನ್ನೂ ಬರೆದೆ. ದೊರೆತ ಹಾಡುಗಳನ್ನು ಹಣ ಕೊಟ್ಟು ಮತ್ತೆ ಕೊಂಡೆ. ಹಾಡಿದವರಲ್ಲಿ ಹಲವರು ಈಗಿಲ್ಲ. ಋಣ ತೀರಿತೆಂದು ನಾನು ಹೇಳಲಾರೆ. ಋಣವಿದೆಯೆಂದು ಒಪ್ಪಿಕೊಂಡೆ, ಅಷ್ಟೆ. ಅಂದು ಆ ಹುಡುಗನಿಗೆ ಕೊಡಲಾಗದ ಉತ್ತರ ಇದು. ಅವನೂ ಈಗ ಗೃಹಸ್ಥನಾಗಿರಬೇಕು. ಎಲ್ಲಿಯಾದರೂ ಕುಳಿತು ಈ ಮಾತನ್ನು ಕೇಳುತ್ತಿದ್ದರೆ, ತಡವಾದ ಉತ್ತರಕ್ಕಾಗಿ ತನ್ನ ಮೇಷ್ಟರನ್ನು ಕ್ಷಮಿಸಲಿ.